ದೂರದ ಜಿಂಕೆಗೆ ಯಾವ ತೋಟಾ?

ಓದುಗರ ಪ್ರಶ್ನೆಗಳು ಮತ್ತು ಉತ್ತರಗಳು

ಪ್ರಶ್ನೆ: ಮಾನ್ಯರೇ, ನಾನು ಮೂಲತಃ ಸೋಮವಾರಪೇಟೆ ಕಡೆಯವನು. ಹನ್ನೊಂದು ವರ್ಷಗಳಿಂದ ಅಮೆರಿಕದ ಕೊಲೊರಾಡೋ ರಾಜ್ಯದಲ್ಲಿ ನೆಲೆಸಿದ್ದೇನೆ. ಈ ಸಲದ ಚೀಟಿ ಎತ್ತುವಿಕೆಯಲ್ಲಿ ನನಗೆ ಮ್ಯೂಲ್ ಡೀರ್ ಎಂಬ ಜಿಂಕೆಯ ಬೇಟೆಗೆ ಪರವಾನಗಿ ಸಿಕ್ಕಿದೆ. ಊರಿನಲ್ಲಿ ನಾನು ಹಿಡಿದದ್ದು ಜೋಡಿ ನಳಿಗೆಯ ತೋಟಾ ಕೋವಿಯನ್ನು ಮಾತ್ರ. ರೈಫಲ್ ನನಗೆ ಹೊಸದು. ಇಲ್ಲಿನ ಬಯಲು ಗುಡ್ಡಗಳಲ್ಲಿ 400 ಗಜ ದೂರದಿಂದ ಹೊಡೆಯಬೇಕಾಗಬಹುದು, ಆದ್ದರಿಂದ ‘ಫ್ಲ್ಯಾಟ್ ಶೂಟಿಂಗ್’ ಕಾರ್ಟ್ರಿಡ್ಜ್, ಅಂದರೆ ಗುಂಡು ಹೆಚ್ಚು ಬಾಗದೆ ನೆಟ್ಟಗೆ ಹೋಗುವ ತೋಟಾ, ಬೇಕೇ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸಹೋದ್ಯೋಗಿಯೊಬ್ಬರು .270 ವಿಂಚೆಸ್ಟರ್ ಎಂದರೆ ಇನ್ನೊಬ್ಬರು 7 ಮಿ.ಮೀ. ರೆಮಿಂಗ್ಟನ್ ಮ್ಯಾಗ್ನಮ್ ಎನ್ನುತ್ತಾರೆ, ಅಂಗಡಿಯವರು 6.5 ಕ್ರೀಡ್‌ಮೋರ್ ತೋರಿಸಿ, ಹಣವಿದ್ದರೆ .257 ವೆದರ್‌ಬಿ ಮ್ಯಾಗ್ನಮ್‌ಗೆ ಸಮನಾದದ್ದಿಲ್ಲ ಎಂದರು. ಯಾವುದನ್ನು ಕೊಳ್ಳಲಿ?
– ಓದುಗರು, ಡೆನ್ವರ್

ಉತ್ತರ: ನಿಮಗೆ ಸಲಹೆ ಕೊಟ್ಟವರಲ್ಲಿ ಯಾರೂ ತಪ್ಪು ಹೇಳಿಲ್ಲ. ಆದರೆ ಅವರೆಲ್ಲರೂ ಉತ್ತರಿಸುತ್ತಿರುವುದು ಐವತ್ತು ವರ್ಷ ಹಿಂದಿನ ಪ್ರಶ್ನೆಗೆ ಎಂಬುದು ನನ್ನ ಅಭಿಪ್ರಾಯ. ಅದೇಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಮೊದಲನೆಯದಾಗಿ, ಬಾಗದೆ ನೆಟ್ಟಗೆ ಹೋಗುವ ಗುಂಡು ಎಂಬುದು ಜಗತ್ತಿನಲ್ಲಿಲ್ಲ. ನಳಿಗೆಯ ಬಾಯಿ ಬಿಟ್ಟ ಕ್ಷಣದಿಂದಲೇ ಗುಂಡು ಕೈಯಿಂದ ಜಾರಿದ ಕಲ್ಲಿನಂತೆ ಕೆಳಗೆ ಬೀಳತೊಡಗುತ್ತದೆ. ವೇಗ ಹೆಚ್ಚಿದ್ದಷ್ಟೂ ಅದು ಬೀಳುವುದಕ್ಕೆ ಸಿಗುವ ಕಾಲ ಕಡಿಮೆ, ವ್ಯತ್ಯಾಸ ಇಷ್ಟೇ. ರೈಫಲಿನ ಮೇಲೆ ಕೂರಿಸಿದ ದುರ್ಬೀನಿನ ದೃಷ್ಟಿರೇಖೆಗಿಂತ ನಳಿಗೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಮುಖ ಮಾಡಿಸಿ ಕೂರಿಸುವುದರಿಂದ ಗುಂಡು ಆ ರೇಖೆಯನ್ನು ಹತ್ತಿರದಲ್ಲೊಮ್ಮೆ ದಾಟಿ ಮೇಲೇರಿ, ದೂರದಲ್ಲಿ ಇನ್ನೊಮ್ಮೆ ದಾಟಿ ಕೆಳಗಿಳಿಯುತ್ತದೆ. ಈ ಎರಡನೆಯ ದಾಟುವಿಕೆಯ ದೂರವನ್ನೇ ಇಲ್ಲಿ ‘ಜೀರೋ’ ಎನ್ನುತ್ತಾರೆ.

.270 ವಿಂಚೆಸ್ಟರ್ ತೋಟಾವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1925ರಲ್ಲಿ ಬಂದ ಇದು ಸೆಕೆಂಡಿಗೆ ಸುಮಾರು 3,060 ಅಡಿ ವೇಗದಲ್ಲಿ 130 ಗ್ರೇನ್ ತೂಕದ, ಅಂದರೆ ಎಂಟೂವರೆ ಗ್ರಾಮಿಗೆ ತುಸು ಕಡಿಮೆ ತೂಕದ ಗುಂಡನ್ನು ಎಸೆಯುತ್ತದೆ. 100 ಗಜದ ಗುರಿಹಲಗೆಯಲ್ಲಿ ಗುಂಡು ಎರಡೂವರೆ ಅಂಗುಲ ಮೇಲೆ ಬೀಳುವಂತೆ ದುರ್ಬೀನನ್ನು ಹೊಂದಿಸಿದರೆ ಅದು 250 ಗಜದಲ್ಲಿ ನೇರ ಗುರಿಗೆ ಬಂದು, 300 ಗಜದಲ್ಲಿ ಸುಮಾರು ಮೂರು ಅಂಗುಲ ಕೆಳಗಿರುತ್ತದೆ. ಮ್ಯೂಲ್ ಡೀರ್‌ನ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಒಂದು ಊಟದ ತಟ್ಟೆಯಷ್ಟು, ಅಂದರೆ ಒಂಬತ್ತು ಹತ್ತು ಅಂಗುಲ ಅಗಲವಿರುತ್ತದೆ. ಹೀಗಾಗಿ 300 ಗಜದವರೆಗೆ ಜಿಂಕೆ ಎಷ್ಟು ದೂರದಲ್ಲಿದೆ ಎಂದು ತಲೆ ಕೆಡಿಸಿಕೊಳ್ಳದೆ ಎದೆಯ ನಡುವಿಗೆ ಗುರಿಯಿಟ್ಟು ಹೊಡೆಯಬಹುದು. ಕಣ್ಣಳತೆಯಲ್ಲಿ ದೂರ ಅಂದಾಜು ಮಾಡಬೇಕಾಗಿದ್ದ ಕಾಲದಲ್ಲಿ ಇದು ಬಹು ದೊಡ್ಡ ವರವಾಗಿತ್ತು. ಜಾಕ್ ಓ’ಕಾನರ್ ಎಂಬ ಪ್ರಸಿದ್ಧ ಬೇಟೆ ಬರಹಗಾರರು ದಶಕಗಳ ಕಾಲ .270ನ್ನು ಹೊಗಳಿ ಬರೆದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಆದರೆ ಇಂದು ನಿಮ್ಮ ಜೇಬಿನಲ್ಲಿ ಲೇಸರ್ ದೂರಮಾಪಕವಿರುತ್ತದೆ. ಗುಂಡಿ ಒತ್ತಿದರೆ ಜಿಂಕೆ 347 ಗಜದಲ್ಲಿದೆ ಎಂದು ಅದು ಹೇಳುತ್ತದೆ. ದೂರ ತಿಳಿದ ಮೇಲೆ ಗುಂಡು ಎಷ್ಟು ಬೀಳುತ್ತದೆ ಎಂಬುದು ಬರೀ ಲೆಕ್ಕ. ದುರ್ಬೀನಿನ ತಿರುಗಣೆಯನ್ನು ಅಷ್ಟು ಗೆರೆ ತಿರುಗಿಸಿದರೆ ಮುಗಿಯಿತು. ಕಡಿಮೆ ಬಾಗುವ ಪಥವೆಂಬುದು ದೂರದ ಅಂದಾಜು ತಪ್ಪುವುದರ ವಿರುದ್ಧ ಮಾಡಿಸಿಕೊಂಡ ವಿಮೆಯಿದ್ದಂತೆ, ಆದರೆ ನಿಮ್ಮ ಕೈಯಲ್ಲಿ ಆ ತಪ್ಪು ಆಗುವುದೇ ಅಪರೂಪ. ಆಗಿಯೇ ಬಿಟ್ಟಿತು ಎಂದುಕೊಳ್ಳೋಣ: 350 ಗಜದ ಜಿಂಕೆಯನ್ನು ನೀವು 300 ಗಜದ್ದೆಂದು ಭಾವಿಸಿ ಹೊಡೆದರೆ .270ರ ಗುಂಡು ನೀವೆಣಿಸಿದ್ದಕ್ಕಿಂತ ಐದು ಅಂಗುಲದಷ್ಟು ಕೆಳಗೂ, 6.5 ಕ್ರೀಡ್‌ಮೋರ್‌ನ ಗುಂಡು ಅದಕ್ಕಿಂತ ತುಸು ಹೆಚ್ಚು ಕೆಳಗೂ ಬೀಳುತ್ತದೆ. ಇಂಥ ಸಣ್ಣ ವ್ಯತ್ಯಾಸಕ್ಕಾಗಿ ಬೇಟೆಗಾರರು ತಲೆಮಾರುಗಳಿಂದ ಜಗಳವಾಡುತ್ತ ಬಂದಿದ್ದಾರೆ.

ನಿಜವಾದ ಕಷ್ಟ ಗಾಳಿಯದು, ಏಕೆಂದರೆ ಅದನ್ನು ಅಳೆಯುವ ಲೇಸರ್ ನಿಮ್ಮ ಜೇಬಿನಲ್ಲಿರುವುದಿಲ್ಲ. ನೀವು ಕುಳಿತ ಬಂಡೆಯ ಬಳಿ ಗಾಳಿ ಒಂದು ದಿಕ್ಕಿಗೆ ಬೀಸುತ್ತಿದ್ದರೆ ನಡುವಿನ ಕಣಿವೆಯಲ್ಲಿ ಇನ್ನೊಂದು ದಿಕ್ಕಿಗೆ ಬೀಸುತ್ತಿರುತ್ತದೆ, ಜಿಂಕೆ ನಿಂತ ಇಳಿಜಾರಿನಲ್ಲಿ ಗಾಳಿಯೇ ಇಲ್ಲದಿರಬಹುದು. ಗಂಟೆಗೆ ಹತ್ತು ಮೈಲಿ ವೇಗದ ಅಡ್ಡಗಾಳಿ 400 ಗಜದಲ್ಲಿ .270ರ 130 ಗ್ರೇನ್ ಗುಂಡನ್ನು ಸುಮಾರು ಹನ್ನೊಂದು ಅಂಗುಲ ಪಕ್ಕಕ್ಕೆ ತಳ್ಳುತ್ತದೆ, 6.5 ಕ್ರೀಡ್‌ಮೋರ್‌ನ 143 ಗ್ರೇನ್ ಗುಂಡನ್ನು ಸುಮಾರು ಒಂಬತ್ತು ಅಂಗುಲ. 500 ಗಜದಲ್ಲಿ ಈ ಅಂಕಿಗಳು ಹೆಚ್ಚು ಕಡಿಮೆ ಹದಿನೆಂಟು ಮತ್ತು ಹದಿನೈದು. ಸೆಕೆಂಡಿಗೆ 2,700 ಅಡಿಯಷ್ಟೇ ವೇಗದಲ್ಲಿ ಹೊರಡುವ, ಅಂದರೆ ಹೆಚ್ಚು ಬಾಗುವ ಗುಂಡೇ ಗಾಳಿಗೆ ಕಡಿಮೆ ಜಗ್ಗುತ್ತದೆ ಎಂಬುದನ್ನು ಇಲ್ಲಿ ಗಮನಿಸಿ. ಅದು ತೆಳ್ಳಗೆ, ಉದ್ದಕ್ಕೆ, ಸೂಜಿಮೂತಿಯಾಗಿ ಇರುವುದರಿಂದ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ ಮತ್ತು ಹೊರಟ ವೇಗವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ. ಈ ಗುಣವನ್ನೇ ‘ಬ್ಯಾಲಿಸ್ಟಿಕ್ ಕೋಎಫಿಶಿಯಂಟ್’ ಎಂಬ ಅಂಕಿಯಾಗಿ ತೋಟಾದ ಪೆಟ್ಟಿಗೆಯ ಮೇಲೆ ಮುದ್ರಿಸಿರುತ್ತಾರೆ. ವೇಗದ ಅಂಕಿಯನ್ನು ನೋಡುವ ಮೊದಲು ಇದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹಾಗಾದರೆ .270ಕ್ಕೂ ಅಂಥ ಉದ್ದನೆಯ ಗುಂಡು ಹಾಕಬಾರದೇ ಎಂದು ನೀವು ಕೇಳಬಹುದು. ಅಡ್ಡಿ ಬರುವುದು ನಳಿಗೆಯೊಳಗಿನ ಸುರುಳಿ ಗೆರೆಗಳಲ್ಲಿ. ಗುಂಡು ಉದ್ದವಾದಷ್ಟೂ ಅದು ಹೊರಳದೆ ಮೂತಿ ಮುಂದಾಗಿಯೇ ಹಾರಲು ಹೆಚ್ಚು ರಭಸದಿಂದ ಬುಗುರಿಯಂತೆ ತಿರುಗಬೇಕು. .270ರ ನಳಿಗೆಗಳಲ್ಲಿ ವಾಡಿಕೆಯಂತೆ ಹತ್ತು ಅಂಗುಲಕ್ಕೆ ಒಂದು ಸುತ್ತು ಇರುತ್ತದೆ, ಕ್ರೀಡ್‌ಮೋರ್‌ನಲ್ಲಿ ಎಂಟು ಅಂಗುಲಕ್ಕೆ ಒಂದು ಸುತ್ತು. 1925ರಲ್ಲಿ .270ನ್ನು ರೂಪಿಸಿದವರ ಮನಸ್ಸಿನಲ್ಲಿ ಅಷ್ಟು ಉದ್ದದ ಗುಂಡು ಇರಲಿಲ್ಲ. ಕ್ರೀಡ್‌ಮೋರನ್ನು ಹಾರ್ನಡಿ ಸಂಸ್ಥೆ 2007ರಲ್ಲಿ ಗುರಿಸ್ಪರ್ಧೆಯವರಿಗಾಗಿ ರೂಪಿಸಿದ್ದರಿಂದ ಮೊದಲಿನಿಂದಲೇ ಉದ್ದ ಗುಂಡನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು. 2021ರಲ್ಲಿ ಬಂದ 6.8 ವೆಸ್ಟರ್ನ್ ಎಂಬ ತೋಟಾ .270ರ ಅಳತೆಯ ಗುಂಡನ್ನೇ ಇಟ್ಟುಕೊಂಡು ಸುರುಳಿಯನ್ನು ಬಿಗಿ ಮಾಡಿ ಹಳೆಯ ಕೊರತೆಯನ್ನು ತುಂಬಿದೆ, ಆದರೆ ಅದರ ತೋಟಾ ಸಣ್ಣ ಊರಿನ ಅಂಗಡಿಗಳಲ್ಲಿ .270ರಷ್ಟು ಸುಲಭವಾಗಿ ಸಿಗುವುದಿಲ್ಲ.

ಇನ್ನು .257 ವೆದರ್‌ಬಿ. ರಾಯ್ ವೆದರ್‌ಬಿ 1940ರ ದಶಕದಲ್ಲಿ ರೂಪಿಸಿದ ಇದು 100 ಗ್ರೇನ್ ಗುಂಡನ್ನು ಸೆಕೆಂಡಿಗೆ ಮೂರೂವರೆ ಸಾವಿರ ಅಡಿಗೂ ಮೀರಿದ ವೇಗದಲ್ಲಿ ಕಳುಹಿಸುತ್ತದೆ. ಬರೀ ಪಥವನ್ನಷ್ಟೇ ನೋಡಿದರೆ ಅಂಗಡಿಯವರ ಮಾತು ಸತ್ಯ. ಆದರೆ ಕಿರಿದಾದ ನಳಿಗೆಯಲ್ಲಿ ಅಷ್ಟೊಂದು ಮದ್ದು ಉರಿದರೆ ನಳಿಗೆಯ ಗಂಟಲು ಬೇಗ ಸವೆಯುತ್ತದೆ, ತೋಟಾದ ಬೆಲೆಯಂತೂ ಅಭ್ಯಾಸಕ್ಕೆ ಹೋಗುವ ಉತ್ಸಾಹವನ್ನೇ ಕುಗ್ಗಿಸುತ್ತದೆ. 1962ರ 7 ಮಿ.ಮೀ. ರೆಮಿಂಗ್ಟನ್ ಮ್ಯಾಗ್ನಮ್ ಒಳ್ಳೆಯ ತೋಟಾ. ಮುಂದೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೂ ಹೋಗುವ ಆಸೆಯಿದ್ದರೆ ಅದನ್ನು ತಳ್ಳಿಹಾಕಲಾಗದು. ಆದರೆ ಅದರ ಹಿಂದೊದೆತ ಕ್ರೀಡ್‌ಮೋರ್‌ಗಿಂತ ಒಂದೂವರೆ ಪಟ್ಟಿಗೂ ಹೆಚ್ಚು.

ಈ ಹಿಂದೊದೆತದ ಬಗ್ಗೆ ಗಂಡಸರು ನಿಜ ಹೇಳುವುದಿಲ್ಲ. ಊರಿನ ಹನ್ನೆರಡು ಬೋರಿನ ಕೋವಿ ಇದಕ್ಕಿಂತ ಜೋರಾಗಿ ಒದೆಯುತ್ತಿತ್ತಲ್ಲ ಎಂದು ನೀವೂ ಹೇಳಬಹುದು. ಅಲ್ಲಿ ನೀವು ನಿಂತು, ಭುಜಕ್ಕೊತ್ತಿ, ಚರೆ ತುಂಬಿದ ತೋಟಾವನ್ನು ಮೂವತ್ತು ನಲವತ್ತು ಗಜದೊಳಗೆ ಹೊಡೆಯುತ್ತಿದ್ದಿರಿ; ಟ್ರಿಗರ್ ಎಳೆಯುವಾಗ ಮೈ ಸ್ವಲ್ಪ ಬೆದರಿದರೂ ಚರೆಯ ಹರಡುವಿಕೆ ಅದನ್ನು ಮುಚ್ಚಿಹಾಕುತ್ತಿತ್ತು. ಒಂಟಿ ಗುಂಡಿನ ರೈಫಲಿನಲ್ಲಿ ಅದೇ ಬೆದರಿಕೆ 400 ಗಜದಲ್ಲಿ ಒಂದು ಅಡಿಯ ತಪ್ಪಾಗುತ್ತದೆ. ಅಷ್ಟು ದೂರಕ್ಕೆ ಗುಂಡು ತಲುಪಲು ಹತ್ತಿರ ಹತ್ತಿರ ಅರ್ಧ ಸೆಕೆಂಡು ಬೇಕು ಎಂಬುದನ್ನೂ ಇದರೊಂದಿಗೆ ಸೇರಿಸಿಕೊಳ್ಳಿ: ಮೇಯುತ್ತಿರುವ ಜಿಂಕೆ ಅಷ್ಟರಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತದೆ, ಆ ಪ್ರಾಣಿ ಎರಡು ಗುಡ್ಡದಾಚೆ ಹೋಗಿ ನರಳಿ ಸಾಯುತ್ತದೆ. ಯಾವ ಮ್ಯಾಗ್ನಮ್ ಕೂಡ ಇದಕ್ಕೆ ಪರಿಹಾರವಲ್ಲ.

ಆದ್ದರಿಂದ ನಿಮಗೆ ನನ್ನ ಸಲಹೆ 6.5 ಕ್ರೀಡ್‌ಮೋರ್, 140 ಗ್ರೇನಿನ ಆಸುಪಾಸಿನ ಬೇಟೆ ಗುಂಡಿನೊಂದಿಗೆ. ಬೇಟೆ ಗುಂಡು ಎಂಬ ಮಾತಿಗೆ ಒತ್ತು ಕೊಡುತ್ತಿದ್ದೇನೆ, ಏಕೆಂದರೆ ಅದೇ ತೂಕದ ಗುರಿಸ್ಪರ್ಧೆಯ ಗುಂಡು ಅಗ್ಗವಾಗಿ ಸಿಕ್ಕರೂ ಅದು ಮೈಯೊಳಗೆ ಹೂವಿನಂತೆ ಅರಳುವಂತೆ ರೂಪಿಸಿದ್ದಲ್ಲ. 400 ಗಜದಲ್ಲಿ ಈ ತೋಟಾ ಮತ್ತು .270 ಎರಡರ ಹೊಡೆತದ ಬಲವೂ ಹೆಚ್ಚು ಕಡಿಮೆ ಒಂದೇ, 1,450 ಅಡಿ-ಪೌಂಡಿನ ಆಸುಪಾಸು. ಜಿಂಕೆಗೆ ಸಾವಿರ ಸಾಕೆಂಬುದು ಹಳಬರ ರೂಢಿಯ ಲೆಕ್ಕ. ನಿಮ್ಮ ರಾಜ್ಯದ ನಿಯಮ ಕೇಳುವುದು ಕನಿಷ್ಠ .24 ಅಂಗುಲ ಅಳತೆ, ಜಿಂಕೆಗೆ ಕನಿಷ್ಠ 70 ಗ್ರೇನ್ ತೂಕದ ಅರಳುವ ಗುಂಡು ಮತ್ತು 100 ಗಜದಲ್ಲಿ ಸಾವಿರ ಅಡಿ-ಪೌಂಡು ಬಲ. ನೀವು ಹೆಸರಿಸಿದ ನಾಲ್ಕೂ ತೋಟಾಗಳು ಅದನ್ನು ಸುಲಭವಾಗಿ ದಾಟುತ್ತವೆ. ನಿಮ್ಮ ಮನೆಯಲ್ಲಿ ಆಗಲೇ ಒಂದು .270 ಇದ್ದಿದ್ದರೆ ಅದನ್ನು ಮಾರಿ ಕ್ರೀಡ್‌ಮೋರ್ ಕೊಳ್ಳಿ ಎಂದು ನಾನು ಖಂಡಿತ ಹೇಳುತ್ತಿರಲಿಲ್ಲ. ಹೊಸದಾಗಿ ಕೊಳ್ಳುವವರಿಗೆ, ಅದರಲ್ಲೂ ರೈಫಲ್ ಹೊಸದಾಗಿರುವವರಿಗೆ ಈ ಮಾತು.

ಉಳಿತಾಯವಾದ ಹಣದಲ್ಲಿ ಅಭ್ಯಾಸದ ತೋಟಾ ಕೊಳ್ಳಿ, ಮತ್ತು ಮೇಜಿನ ಮೇಲೆ ಮರಳುಚೀಲವಿಟ್ಟು ಹೊಡೆಯುವುದನ್ನು ಎರಡು ದಿನಕ್ಕೆ ಮುಗಿಸಿ, ಕುಳಿತು, ಮಲಗಿ, ಬೆನ್ನುಚೀಲದ ಮೇಲೆ ನಳಿಗೆಯೂರಿ ಹೊಡೆಯುವುದನ್ನು ಕಲಿಯಿರಿ. ಆ ಭಂಗಿಯಲ್ಲಿ ಐದಕ್ಕೆ ಐದೂ ಗುಂಡು ಊಟದ ತಟ್ಟೆಯೊಳಗೆ ಬೀಳುವ ದೂರವೇ ಈ ವರ್ಷದ ನಿಮ್ಮ ಮಿತಿ. ಮೊದಲ ವರ್ಷ ಅದು 250 ಗಜಕ್ಕಿಂತ ಹೆಚ್ಚಿದ್ದರೆ ನನಗೆ ಆಶ್ಚರ್ಯವಾಗುತ್ತದೆ. 400 ಗಜದಲ್ಲಿ ಕಂಡ ಜಿಂಕೆಯತ್ತ, ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ನೋಡಿಕೊಂಡು, ಹೊಂಡದ ಮರೆಯಲ್ಲಿ ನೂರೈವತ್ತು ಗಜ ತೆವಳಿ ಹೋಗುವುದು ಸಾಧ್ಯ. ಮಲೆನಾಡಿನ ಕಾಡಿನಲ್ಲಿ ನಡೆದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಎಚ್ಚರವೆಂದರೆ, ಹೇಸರಗತ್ತೆಯಂಥ ದೊಡ್ಡ ಕಿವಿಗಳಿಂದಲೇ ಈ ಜಿಂಕೆಗೆ ಮ್ಯೂಲ್ ಡೀರ್ ಎಂದು ಹೆಸರು ಬಂದಿರುವುದು.

ಎರಡು ಚಿಕ್ಕ ವಿಷಯಗಳು ಉಳಿದಿವೆ. ಪೆಟ್ಟಿಗೆಯ ಮೇಲಿನ ಪಥದ ಪಟ್ಟಿಯನ್ನು ಸಾಮಾನ್ಯವಾಗಿ ಸಮುದ್ರಮಟ್ಟದ ದಟ್ಟ ಗಾಳಿಗೆ ಲೆಕ್ಕ ಹಾಕಿರುತ್ತಾರೆ. ಎಂಟು ಸಾವಿರ ಅಡಿ ಎತ್ತರದ ತೆಳುಗಾಳಿಯಲ್ಲಿ ಗುಂಡು ಅದಕ್ಕಿಂತ ಕಡಿಮೆ ಬೀಳುತ್ತದೆ. ಹಾಗೆಯೇ ಕಡಿದಾದ ಇಳಿಜಾರಿನಲ್ಲಿ ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಲೆಕ್ಕಕ್ಕೆ ಬರುವುದು ಮಟ್ಟನೆಯ ದೂರ ಮಾತ್ರ. ಮೂವತ್ತು ಡಿಗ್ರಿ ಇಳಿಜಾರಿನ 400 ಗಜವನ್ನು ಸುಮಾರು 346 ಗಜವೆಂದು ಎಣಿಸಿ ಹೊಡೆಯಬೇಕು. ಇಲ್ಲವಾದರೆ ಗುಂಡು ಬೆನ್ನ ಮೇಲಿಂದ ಹಾರಿಹೋಗುತ್ತದೆ. ಈಗಿನ ಅನೇಕ ದೂರಮಾಪಕಗಳು ಈ ಲೆಕ್ಕವನ್ನು ತಾವೇ ಮಾಡಿ ತೋರಿಸುತ್ತವೆ, ಕೊಳ್ಳುವಾಗ ಕೇಳಿ ನೋಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ನಿಷಿದ್ಧವಂತೆ. ತಾಮ್ರದ ಗುಂಡು ದೂರಕ್ಕೆ ಸರಿಯಾಗಿ ಹೋಗುವುದಿಲ್ಲ ಎನ್ನುತ್ತಾರೆ, ನಿಜವೇ?
– ಓದುಗರು, ಸ್ಯಾನ್ ಹೋಸೆ

ಉತ್ತರ: ನಿಷೇಧ ನಿಜ. 2013ರಲ್ಲಿ ಮಾಡಿದ ಕಾನೂನು ಹಂತ ಹಂತವಾಗಿ ಜಾರಿಯಾಗಿ 2019ರ ಜುಲೈ 1ರಿಂದ ಆ ರಾಜ್ಯದ ಎಲ್ಲ ಬಂದೂಕು ಬೇಟೆಗೂ ಅನ್ವಯಿಸುತ್ತಿದೆ. ಬೇಟೆಗಾರರು ಬಿಟ್ಟುಹೋದ ಕರುಳು ಮುಂತಾದವುಗಳಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದು ಕಾಂಡೋರ್ ಎಂಬ ದೈತ್ಯ ರಣಹದ್ದುಗಳು ಸಾಯುತ್ತಿದ್ದವು. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದದ್ದು ಇಪ್ಪತ್ತೆರಡು ಹಕ್ಕಿಗಳು ಮಾತ್ರ.

ದೂರಕ್ಕೆ ಹೋಗುವುದಿಲ್ಲ ಎಂಬುದು ಅರ್ಧ ಸತ್ಯ. ತಾಮ್ರ ಸೀಸಕ್ಕಿಂತ ಹಗುರವಾದ ಲೋಹವಾದ್ದರಿಂದ ಅದೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ, ಮೇಲೆ ಹೇಳಿದ ಸುರುಳಿಯ ಅಡ್ಡಿ ಇಲ್ಲಿ ಇನ್ನೂ ಬೇಗ ಎದುರಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಗಟ್ಟಿ ತಾಮ್ರ ಮೈಯೊಳಗೆ ಅರಳಬೇಕಾದರೆ ಗುಂಡು ಜಿಂಕೆಯನ್ನು ತಲುಪಿದಾಗಲೂ ಅದಕ್ಕೆ ಸಾಕಷ್ಟು ವೇಗ ಉಳಿದಿರಬೇಕು. ಸೆಕೆಂಡಿಗೆ 2,000 ಅಡಿಯೆಂದು ಇಟ್ಟುಕೊಳ್ಳುವುದು ಕ್ಷೇಮ. ಅದಕ್ಕಿಂತ ಕಡಿಮೆಯಾದರೆ ದಬ್ಬಳ ಚುಚ್ಚಿದಂತೆ ಸಣ್ಣ ತೂತು ಮಾಡಿ ಆಚೆ ಹೊರಟುಬಿಡಬಹುದು. ಹಾಗಾಗಿ ಸೀಸದ ವಿಷಯದಲ್ಲಿ ಭಾರವಾದ ಗುಂಡನ್ನು ಹೊಗಳಿದ ನಾನೇ ತಾಮ್ರದ ವಿಷಯದಲ್ಲಿ ಒಂದು ಮೆಟ್ಟಿಲು ಹಗುರವಾದ ಮತ್ತು ವೇಗವಾದ ಗುಂಡನ್ನು ಆರಿಸಿಕೊಳ್ಳಿ ಎನ್ನುತ್ತೇನೆ: ಕ್ರೀಡ್‌ಮೋರ್‌ಗೆ 120ರ ಆಸುಪಾಸು, .270ಕ್ಕೆ 130 ಅಥವಾ ತುಸು ಕಡಿಮೆ. ನಿಮ್ಮ ಕರಾವಳಿ ಬೆಟ್ಟಗಳ ಕಪ್ಪುಬಾಲದ ಜಿಂಕೆ ಕುರುಚಲು ಕಾಡಿನಲ್ಲಿ ಹತ್ತಿರದಲ್ಲೇ ಎದುರಾಗುವುದು ಹೆಚ್ಚು, ಅಲ್ಲಿ ಈ ಚಿಂತೆಯೇ ಬೇಡ. ಸೀಸದ ತೋಟಾಕ್ಕೆ ಹೊಂದಿಸಿದ ದುರ್ಬೀನನ್ನು ತಾಮ್ರದ ತೋಟಾಕ್ಕೆ ಮತ್ತೆ ಹೊಂದಿಸಲೇಬೇಕು. ಅದಕ್ಕೂ ಮೊದಲು ನಳಿಗೆಯನ್ನು ಚೆನ್ನಾಗಿ ಶುಚಿ ಮಾಡಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯರೊಂದಿಗೆ ಜಿಂಕೆ ಬೇಟೆಗೆ ಹೋಗಲು .243 ರೈಫಲ್ ಕೊಳ್ಳಬಹುದೇ? ಆ ಅಳತೆ ಸಾಕಾಗುತ್ತದೆಯೇ?
– ಓದುಗರು, ಆಸ್ಟಿನ್

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. 1955ರಲ್ಲಿ ಬಂದ .243 ವಿಂಚೆಸ್ಟರ್ 100 ಗ್ರೇನ್ ಗುಂಡಿನೊಂದಿಗೆ ಟೆಕ್ಸಸ್‌ನ ಬಿಳಿಬಾಲದ ಜಿಂಕೆಗೆ ಧಾರಾಳವಾಗಿ ಸಾಕು, ಒದೆತವೂ ಕಡಿಮೆ. ಆದರೆ ಅದರ ಬಲ 400 ಗಜದಲ್ಲಿ ಸಾವಿರ ಅಡಿ-ಪೌಂಡಿಗೆ ಇಳಿದುಬಿಡುವುದರಿಂದ ಮುನ್ನೂರರ ಒಳಗೆ ನಿಲ್ಲಿಸಿ.

ಮೊದಲನೆಯದು ಹೆಚ್ಚು ಗಂಭೀರವಾದದ್ದು, ಮತ್ತು ನಮ್ಮವರಲ್ಲಿ ಅನೇಕರಿಗೆ ಇದು ತಿಳಿದಿಲ್ಲ. ಅಮೆರಿಕದ ಒಕ್ಕೂಟದ ಕಾನೂನಿನಂತೆ ವಲಸೆಯದಲ್ಲದ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಸಾಮಾನ್ಯವಾಗಿ ಅಪರಾಧ. ಗೆಳೆಯರ ರೈಫಲನ್ನು ಗುರಿಮೈದಾನದಲ್ಲಿ ಕೈಗೆತ್ತಿಕೊಳ್ಳುವುದೂ ‘ಹೊಂದುವುದು’ ಎಂದಾಗಬಹುದು. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ ನಿಮ್ಮ ಬಳಿ ಇರುವುದು. ಅಂದರೆ ಬೇಟೆ ಶಿಕ್ಷಣದ ತರಗತಿ ಮತ್ತು ಪರವಾನಗಿ ಮೊದಲು, ರೈಫಲ್ ಆಮೇಲೆ. ಪರವಾನಗಿಯ ಅವಧಿ ಮುಗಿದ ಮರುದಿನ ಅದೇ ರೈಫಲ್ ನಿಮ್ಮ ಮನೆಯಲ್ಲಿದ್ದರೆ ವಿನಾಯಿತಿಯ ಆಸರೆ ಇರುವುದಿಲ್ಲ. ತಪ್ಪಾದರೆ ದಂಡ ಕಟ್ಟಿ ಮುಗಿಸುವ ವಿಷಯ ಇದಲ್ಲ, ವೀಸಾಕ್ಕೇ ಕುತ್ತು ಬರುತ್ತದೆ. ಕೊಳ್ಳುವ ಮುನ್ನ ವಲಸೆ ವಕೀಲರನ್ನು ಕೇಳಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ .275 ರಿಗ್ಬಿ ರೈಫಲ್ ಇದೆ, ದಾಖಲೆಗಳೆಲ್ಲ ಸರಿಯಾಗಿವೆ. ಜಿಮ್ ಕಾರ್ಬೆಟ್ ಬಳಿ ಇದ್ದದ್ದೂ ಇದೇ ಎನ್ನುತ್ತಾರೆ. ವಿದೇಶದಿಂದ ಬಂದ ಅಳಿಯ, ಇದು .270ರಂತೆಯೇ, ಅದರ ತೋಟಾವೂ ನಡೆಯುತ್ತದೆ ಎಂದರು. ನಿಜವೇ?
– ಓದುಗರು, ವಿರಾಜಪೇಟೆ

ಉತ್ತರ: ಅಳಿಯಂದಿರ ಮಾತನ್ನು ಈ ಒಂದು ವಿಷಯದಲ್ಲಿ ಕೇಳಬೇಡಿ. ಹೆಸರಿನ ಅಂಕಿಗಳು ಹತ್ತಿರವಿದ್ದ ಮಾತ್ರಕ್ಕೆ ತೋಟಾಗಳು ಒಂದಾಗುವುದಿಲ್ಲ. .275 ರಿಗ್ಬಿ ಎಂಬುದು 1890ರ ದಶಕದ ಆರಂಭದ ಜರ್ಮನ್ 7×57 ಮೌಸರ್ ತೋಟಾಕ್ಕೆ ಲಂಡನ್ನಿನ ರಿಗ್ಬಿ ಸಂಸ್ಥೆ ಇಟ್ಟ ಇಂಗ್ಲಿಷ್ ಹೆಸರು. ಇಂಗ್ಲಿಷರು ನಳಿಗೆಯ ಗೆರೆಗಳ ಏಣಿನಿಂದ ಏಣಿಗೆ ಅಳೆದು ಹೆಸರಿಟ್ಟರು. ಅದರ ಗುಂಡಿನ ನಿಜವಾದ ಅಗಲ.284 ಅಂಗುಲ. .270ರ ಗುಂಡಿನ ಅಗಲ .277 ಅಂಗುಲ ಮಾತ್ರ, ಆದರೆ ಅದರ ಹಿತ್ತಾಳೆ ಕೋಶ ಹೆಚ್ಚು ಉದ್ದ, ಒಳಗಿನ ಒತ್ತಡವೂ ಬಹಳ ಹೆಚ್ಚು. ನೂರು ವರ್ಷ ಹಳೆಯ ರೈಫಲಿನಲ್ಲಿ ಬೇರೆ ತೋಟಾ ತುರುಕುವ ಪ್ರಯೋಗವನ್ನು ಮಾಡಲೇಬಾರದು. ನಳಿಗೆಯ ಮೇಲೆ ಕೆತ್ತಿದ ಹೆಸರನ್ನು ಬಲ್ಲ ಬಂದೂಕು ಮಿಸ್ತ್ರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ.

ಕಾರ್ಬೆಟ್ ವಿಷಯ ನಿಜ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಅವರಿಗೆ ಉಡುಗೊರೆಯಾಗಿ ಬಂದ ರೈಫಲ್.275 ರಿಗ್ಬಿಯೇ. 140 ಗ್ರೇನ್ ಗುಂಡಿಗೆ ಸೆಕೆಂಡಿಗೆ 2,660 ಅಡಿಯಷ್ಟು ವೇಗ ಕೊಡುವ ಈ ಹಳೆಯ ತೋಟಾ, ಮೇಲೆ ಡೆನ್ವರಿನವರಿಗೆ ಹೇಳಿದ ಕ್ರೀಡ್‌ಮೋರ್‌ಗೆ ವೇಗದಲ್ಲಿ ಎಷ್ಟು ಹತ್ತಿರವಿದೆ ಎಂಬುದನ್ನು ನೀವೇ ನೋಡಬಹುದು. ನಿಮ್ಮಲ್ಲಿ ಅದು ಯಾವ ಜಿಂಕೆಯ ಕಡೆಗೂ ತಿರುಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆಗಳ ಬೇಟೆ ಅಪರಾಧ, ಮತ್ತು ಕೊಡಗಿನಲ್ಲಿ ಕೋವಿಯ ಪರವಾನಗಿಗೆ ಇರುವ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಹೊರತು ಬೇಟೆಗಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜಿಸಿ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಅದನ್ನು ಒಯ್ಯುವ ಮನಸ್ಸಾದರೆ, ಮಿಸ್ತ್ರಿ ನಳಿಗೆಯನ್ನೂ ಬೋಲ್ಟನ್ನೂ ಪರೀಕ್ಷಿಸಿ ಸರಿಯಿದೆ ಎಂದ ಮೇಲೆ, ಪೆಟ್ಟಿಗೆಯ ಮೇಲೆ 7×57 ಎಂದು ಸ್ಪಷ್ಟವಾಗಿ ಮುದ್ರಿಸಿದ ತೋಟಾವನ್ನು ಮಾತ್ರ ಬಳಸಿ.